ಪುಣೆಯ ಕುದುರೆ, ನಾಸಿಕದ ದ್ರಾಕ್ಷಿ, ಹೊಸಪೇಟೆಯ ಯಾತ್ರಿಕರು

ಹೊಸಪೇಟೆ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಸಣ್ಣ ಟ್ರಾವೆಲ್ಸ್ ಆಫೀಸು. ಇಲ್ಲಿ ಕುಂತವರಿಗೆ ನಗಲು ಬೇರೆ ಏರ್ಪಾಡು ಬೇಕಿಲ್ಲ. ಬರುವ ಗಂಡಸರಲ್ಲಿ ಅರ್ಧ ಮಂದಿ ಮನೆಯಲ್ಲಿ ಒಂದು ಊರು ಹೇಳಿ, ನನ್ನ ಹತ್ತಿರ ಇನ್ನೊಂದು ಊರು ಕೇಳುತ್ತಾರೆ. ಮಂತ್ರಾಲಯ ಅಂತ ಹೇಳಿ ಗೋವಾಕ್ಕೆ ಹೋದವರಿದ್ದಾರೆ. ವಾಪಸ್ ಬಂದಾಗ ಮೈಯೆಲ್ಲ ಸುಟ್ಟು ಕರ್ರಗಾಗಿದ್ದಕ್ಕೆ "ರಾಯರ ತೇಜಸ್ಸು" ಅಂತ ಮನೆಯಲ್ಲಿ ಹೇಳಿ ದಕ್ಕಿಸಿಕೊಂಡವರೂ ಇದ್ದಾರೆ. ನಾನು ಬಾಯಿ ಬಿಡುವುದಿಲ್ಲ ಎಂಬ ನಂಬಿಕೆಯಿಂದ ಗಂಡಸರು ನನ್ನಲ್ಲಿಗೆ ಬರುತ್ತಾರೆ. ಬಾಯಿ ಬಿಡಿಸುತ್ತೇವೆ ಎಂಬ ನಂಬಿಕೆಯಿಂದ ಅವರ ಹೆಂಡಂದಿರೂ ಬರುತ್ತಾರೆ. ಇಬ್ಬರ ನಡುವೆ ನನ್ನ ಅನ್ನ ಇದೆ. ಈಗ ಹೇಳುವುದು ಅಂಥದೇ ಒಂದು ಪ್ರವಾಸದ ಸುದ್ದಿ. ಹೆಸರು ಹೇಳುವುದಿಲ್ಲ. ಊರವರು ಗುರುತು ಹಿಡಿದರೆ ಅದಕ್ಕೆ ನಾನು ಹೊಣೆಯಲ್ಲ.

ಎಂಥಾ ಬಿಸಿಲು ಬೇಕು

ಒಂದು ಮಧ್ಯಾಹ್ನ ಮೂವರು ಗೆಳೆಯರು ಬಂದರು. ಒಬ್ಬರು ಸಂಡೂರಿನವರು, ಅದಿರು ಹೊಡೆಯುವ ಲಾರಿಗಳ ಸಾಹುಕಾರರು. ಅವರದು ಯಾವಾಗಲೂ ಬಿಳಿ ಅಂಗಿಯೇ. ಅದು ಬಿಳಿ ಎಂದು ಅವರೊಬ್ಬರೇ ಹೇಳುತ್ತಾರೆ, ನೋಡಿದವರಿಗೆ ಸಂಡೂರಿನ ಅದಿರಿನ ಕೆಂಪು ಕಾಣುತ್ತದೆ. ಇನ್ನೊಬ್ಬರು ಕಂಪ್ಲಿಯ ರೈಸ್ ಮಿಲ್ಲಿನವರು. ಮೂರನೆಯವರು ನಮ್ಮ ಹೊಸಪೇಟೆಯವರೇ, ಕಟ್ಟಡ ಕಟ್ಟಿಸುವ ಇಲಾಖೆಯಿಂದ ರಿಟೈರ್ ಆದ ಇಂಜಿನಿಯರು. ಹಣೆಯ ಮೇಲೆ ಗೋಪೀಚಂದನ ಒಂದು ದಿನವೂ ತಪ್ಪಿದ್ದಿಲ್ಲ.

ಸಾಹುಕಾರರು ಮೊಬೈಲು ನನ್ನ ಮೂಗಿಗೆ ಹಿಡಿದರು. ಅವರ ಅಳಿಯ ಯಾವುದೋ ದೇಶದಿಂದ ಫೋಟೋ ಕಳಿಸಿದ್ದ. ದ್ರಾಕ್ಷಿ ತೋಟ, ಹ್ಯಾಟು ಹಾಕಿದ ಮಂದಿ, ಕೈಯಲ್ಲಿ ಗ್ಲಾಸು, ಹಿಂದೆ ಓಡುವ ಕುದುರೆಗಳು.

"ಅಕ್ಕಾರ, ಇಂಥಾದೊಂದು ಶನಿವಾರ-ಐತವಾರದ ಟೂರು ಹಾಕಿ ಕೊಡ್ರಿ. ಕುದುರಿ ರೇಸ್ ನೋಡಬೇಕು, ವೈನ್ ತ್ವಾಟ ನೋಡಬೇಕು. ಬಿಸಿಲು ಮಾತ್ರ ಮಸ್ತ್ ಇರಬೇಕು."

ಹೊರಗೆ ರಸ್ತೆಯ ಡಾಂಬರು ಮೆತ್ತಗಾಗಿ ಎಮ್ಮೆಯ ಗೊರಸು ಅಂಟುತ್ತಿತ್ತು. ನಾನು ಬಾಗಿಲ ಕಡೆ ಕೈ ತೋರಿಸಿದೆ.

"ಬಿಸಿಲು ಇಲ್ಲೇ ಐತಲ್ರೀ?"

ಸಾಹುಕಾರರು ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡು ನನ್ನ ತಿಳಿವಳಿಕೆಗೆ ಮರುಗಿದರು.

"ಇದು ಲೇಬರ್ ಬಿಸಿಲ್ರಿ ಅಕ್ಕಾರ. ನಮಗ ಟೂರಿಸ್ಟ್ ಬಿಸಿಲು ಬೇಕು."

ಚಾದಲ್ಲಿ ಅಭ್ಯಾಸ

ಶನಿವಾರ ಪುಣೆಯಲ್ಲಿ ರೇಸು, ಭಾನುವಾರ ನಾಸಿಕದ ದ್ರಾಕ್ಷಿ ತೋಟ ಎಂದು ತೀರ್ಮಾನವಾಯಿತು. ಇಂಜಿನಿಯರು ಮಾತ್ರ ವೈನು ಎಂಬ ಎರಡಕ್ಷರದ ಪದವನ್ನು ಬಾಯಿಂದ ಆಡುತ್ತಿರಲಿಲ್ಲ. "ಆ ದ್ರಾಕ್ಷಿ ಸಂಬಂಧದ ಕಾರ್ಯಕ್ರಮ" ಎನ್ನುತ್ತಿದ್ದರು. ಆದರೆ ಅದನ್ನು ಕುಡಿಯುವ ಶಾಸ್ತ್ರವನ್ನು ಮೊಬೈಲಿನಲ್ಲಿ ನೋಡಿ ಪೂರ್ತಿ ಅಧ್ಯಯನ ಮಾಡಿದವರು ಅವರೇ. ದೊಡ್ಡ ಮಂದಿಯ ನಡುವೆ ಮರ್ಯಾದೆ ಹೋಗಬಾರದು ಅಂತ ನನ್ನ ಆಫೀಸಿನಲ್ಲೇ, ಎದುರಿನ ಹೋಟೆಲ್ಲಿನ ಚಾ ತರಿಸಿ, ಪಾಠ ಶುರು ಮಾಡಿದರು.

"ಮೊದಲಿಗೆ ಗ್ಲಾಸು ಹಿಂಗ ತಿರುಗಿಸ್ಬೇಕು. ಆಮ್ಯಾಲೆ ಮೂಗು ಒಳಗ ಇಡ್ಬೇಕು. ವಾಸನಿ ಹಿಡಿದು ಅದರಾಗ ಏನೇನದ ಅಂತ ಹೇಳ್ಬೇಕು."

ಸಾಹುಕಾರರು ತಿರುಗಿಸಿದ ರಭಸಕ್ಕೆ ಅರ್ಧ ಚಾ ನನ್ನ ಟೇಬಲ್ಲಿಗೆ ಬಂತು. ಉಳಿದ ಅರ್ಧಕ್ಕೆ ಮೂಗಿಟ್ಟು, ಕಣ್ಣು ಮುಚ್ಚಿ, "ಡೀಸೆಲ್" ಎಂದರು. ಮಿಲ್ಲಿನವರು ಬಹಳ ಹೊತ್ತು ಮೂಸಿ "ತೌಡು" ಎಂದರು. ಕೊನೆಗೆ ಇಂಜಿನಿಯರು ಪಂಡಿತರ ಗತ್ತಿನಲ್ಲಿ ಮೂಸಿದರು.

"ಸಿಮೆಂಟು. ಹಸಿ ಸಿಮೆಂಟಿನ ಪರಿಮಳ ಸ್ವಲ್ಪ ಅದ."

ಮಿಲ್ಲಿನವರು ಗ್ಲಾಸು ಕೆಳಗಿಟ್ಟರು. "ಸಿಮೆಂಟಾ? ನೀವು ಕಟ್ಟಿಸಿದ ಬಿಲ್ಡಿಂಗಿನಾಗ ಒಮ್ಮಿನೂ ಸಿಗದಿದ್ದದ್ದು ಈ ಚಾದಾಗ ಸಿಕ್ತೇನ್ರೀ?"

ಇಂಜಿನಿಯರು ಕೇಳಿಸಿಕೊಳ್ಳದವರಂತೆ ಪಾಠ ಮುಂದುವರಿಸಿದರು. "ಕಡೀಗೆ ಬಾಯಿತುಂಬ ತೊಗೊಂಡು, ಹೊರಳಾಡಿಸಿ, ಉಗುಳಿಬಿಡ್ಬೇಕು."

"ಉಗುಳಬೇಕಾ?" ಸಾಹುಕಾರರಿಗೆ ಸಿಟ್ಟೇ ಬಂತು. "ಉಗುಳಾಕ ನಾಸಿಕ್ ತನಕ ಯಾಕ ಹೋಗಬೇಕು? ಬಸ್ ಸ್ಟ್ಯಾಂಡಿನ ಗ್ವಾಡಿ ಇಲ್ಲೇ ಐತಲ್ರೀ!"

ಕಾಶ್ಯಪ ಗೋತ್ರ

ಆ ವಾರವೇ ದೋಣಿಮಲೈ ಗಣಿ ಕ್ವಾರ್ಟರ್ಸಿನ ಹೆಂಗಸರ ಗುಂಪೊಂದನ್ನು ಹಂಪಿಗೆ ಕರೆದುಕೊಂಡು ಹೋಗಿದ್ದೆ. ಗುಡಿಯಲ್ಲಿ ನೋಡಿದರೆ ಕಂಪ್ಲಿಯ ಮಿಲ್ಲಿನವರು ಹಣ್ಣುಕಾಯಿ ಹಿಡಿದು ನಿಂತಿದ್ದಾರೆ. ಪುಣೆಯಲ್ಲಿ ಯಾವ ಕುದುರೆಯ ಮೇಲೆ ದುಡ್ಡು ಹಾಕಬೇಕೆಂದು ಆಗಲೇ ಆರಿಸಿಕೊಂಡಿದ್ದರು. ಅದರ ಹೆಸರಿನಲ್ಲಿ ಅರ್ಚನೆ ಮಾಡಿಸಲು ಬಂದಿದ್ದರು. ಕುದುರೆ ಅಂತ ಹೇಳಲು ಮಾತ್ರ ನಾಚಿಕೆ. ನಾನು ಕಂಬದ ಪಕ್ಕದಲ್ಲೇ ಇದ್ದೆ.

ಅರ್ಚಕರು ವಯಸ್ಸಾದವರು, ಬಹಳ ಸಾಧು ಮನುಷ್ಯ. "ಯಾರ ಹೆಸರಿನ್ಯಾಗ?" ಎಂದರು.

"ಗೋಲ್ಡನ್ ಥಂಡರ್ ಅಂತ್ರಿ."

"ಇರ್ಲಿ, ಈಗಿನ ಹೆಸರು ಹಂಗ ಇರ್ತಾವ. ಮೊಮ್ಮಗೇನು? ವಯಸ್ಸೆಷ್ಟು?"

"ನಾಲ್ಕು ವರ್ಷರಿ."

"ಊಟ-ಗೀಟ ಸರಿಯಾಗಿ ಮಾಡ್ತಾನ?"

"ಹುರಳಿ ಅಂದ್ರ ಪ್ರಾಣರಿ."

"ಭೇಷ್! ಈಗಿನ ಹುಡುಗರು ಎಲ್ಲಿ ಹುರಳಿ ತಿಂತಾರ? ತಂದಿ-ತಾಯಿ ಎಲ್ಲಿರ್ತಾರ?"

"ತಂದಿ ಇಂಗ್ಲೆಂಡಿನಾಗ, ತಾಯಿ ಪುಣೇದಾಗ."

ಅರ್ಚಕರು ಪಾಪ ಎಂದು ನಾಲಿಗೆ ಲೊಚಗುಟ್ಟಿದರು. "ಗೋತ್ರ?"

ಮಿಲ್ಲಿನವರು ತಬ್ಬಿಬ್ಬಾದರು.

"ಗೊತ್ತಿಲ್ಲಂದ್ರ ಕಾಶ್ಯಪ ಅಂತಿಟ್ಕೊಳೋಣ. ಏನು ತೊಂದ್ರಿ ಹುಡುಗಗ?"

"ಶುರುವಿನಾಗ ಚಲೋ ಇರ್ತಾನ್ರಿ. ಕಡೀ ತಿರುವಿನಾಗ ಹಿಂದ ಬೀಳ್ತಾನ."

ಕಾಶ್ಯಪ ಗೋತ್ರೋದ್ಭವ ಗೋಲ್ಡನ್ ಥಂಡರನಿಗೆ ಸಾಂಗವಾಗಿ ಅರ್ಚನೆ ಆಯಿತು. ಕುಂಕುಮ ಕೊಡುತ್ತಾ ಅರ್ಚಕರು ಮೆಲ್ಲಗೆ ಬುದ್ಧಿ ಹೇಳಿದರು. "ಕೂಸಿನ ಮ್ಯಾಲೆ ಭಾಳ ಒತ್ತಡ ಹಾಕಬ್ಯಾಡ್ರಿ."

"ನಾವೇನು ಹಾಕಲ್ರಿ. ಎಲ್ಲಾ ಮ್ಯಾಲೆ ಕುಂತಾವನ ಕೈಯಾಗ ಐತಿ."

ಅರ್ಚಕರು ಭಕ್ತಿಯಿಂದ ಗೋಪುರದ ಕಡೆ ನೋಡಿ ಕೈ ಮುಗಿದರು. "ಖರೇ ಮಾತು!"

ಹ್ಯಾಟು ಹಾಕುವ ದೇವರು

ಮೂವರೂ ಮನೆಯಲ್ಲಿ ಹೇಳಿದ್ದು ತ್ರ್ಯಂಬಕೇಶ್ವರ, ಪಂಚವಟಿ ಯಾತ್ರೆ ಅಂತ. ಸುಳ್ಳು ಹೇಳಲೂ ನಾಸಿಕ ಒಳ್ಳೆಯ ಊರೇ, ದೇವರೂ ಇದ್ದಾರೆ, ದ್ರಾಕ್ಷಿಯೂ ಇದೆ. ಕೆಡಿಸಿದ್ದು ಸಾಹುಕಾರರ ಹ್ಯಾಟು. ಅಳಿಯನ ಫೋಟೋದಲ್ಲಿದ್ದಂಥದೇ ಹ್ಯಾಟು ತರಿಸಿಕೊಂಡು, ಮನೆಯ ಕನ್ನಡಿ ಮುಂದೆ ಹಾಕಿ ನೋಡಿಕೊಳ್ಳುವಾಗ ಹೆಂಡತಿಯ ಕಣ್ಣಿಗೆ ಬಿದ್ದರು. ಮಾರನೇ ದಿನವೇ ಮೂವರು ಹೆಂಗಸರೂ ನನ್ನ ಆಫೀಸಿನಲ್ಲಿ ಸಾಲಾಗಿ ಕುಂತರು.

ಸಾಹುಕಾರರ ಹೆಂಡತಿ ನಿಧಾನವಾಗಿ ಕೇಳಿದರು. "ಅಕ್ಕಾರ, ತ್ರ್ಯಂಬಕೇಶ್ವರದಾಗ ಹ್ಯಾಟು ಹಾಕ್ಕೊಂಡು ದರ್ಶನ ಮಾಡಬೇಕೇನ್ರಿ?"

ಈ ಮೂವರು ಸಿಟ್ಟಾದರೆ ತಿರುಪತಿ, ಶಿರಡಿ ಅಂತ ವರ್ಷಪೂರ್ತಿ ಬರುವ ಹೆಂಗಸರ ಗುಂಪುಗಳೆಲ್ಲ ಎದುರಿನ ಟ್ರಾವೆಲ್ಸಿಗೆ ಹೋಗುತ್ತವೆ. ಗಂಡಸರ ಗುಟ್ಟು ಬಿಟ್ಟುಕೊಟ್ಟರೆ ಅವರ ಕಡೆಯ ವ್ಯಾಪಾರ ಬಂದ್.

"ಕ್ಯೂ ಉದ್ದ ಇರ್ತದ್ರಿ. ಬಿಸಿಲು ಭಾಳ" ಎಂದೆ.

ಮಿಲ್ಲಿನವರ ಹೆಂಡತಿ ತಲೆಯಾಡಿಸಿದರು. "ಹಂಗಾರ ನಮಗೂ ಮೂರು ಸೀಟು ಹಾಕ್ರಿ. ಪುಣ್ಯ ಅವರೊಬ್ಬರಿಗೇ ಯಾಕ? ನೀವೂ ಬರ್ರಿ ಜೊತಿಗೆ."

ಇಂಜಿನಿಯರ ಹೆಂಡತಿ ಎದ್ದು ಸೆರಗು ಸರಿಮಾಡಿಕೊಂಡರು. "ಪಂಚವಟಿ ಅಂದ್ರ ಶೂರ್ಪನಖಿ ಮೂಗು ಕೊಯ್ದ ಜಾಗ ಅಲ್ರೀ? ನೋಡೋಣ, ಈ ಸಲ ಯಾರ್ಯಾರ ಮೂಗು ಹೋಗ್ತದೋ."

ಕಡೆಗೆ ಬಂದವರ ಭಾಗ್ಯ

ಹೀಗೆ ಮೂವರ ಟೂರು ಏಳು ಮಂದಿಯ ಯಾತ್ರೆಯಾಯಿತು. ಪುಣೆಯ ರೇಸ್ ಕೋರ್ಸಿನ ಮುಂದೆ ಗಾಡಿ ನಿಂತಾಗ ಗಂಡಸರ ಮುಖ ನೋಡಬೇಕಿತ್ತು. ಇಂಜಿನಿಯರೇ ಧೈರ್ಯ ಮಾಡಿದರು.

"ರಾಮಾಯಣದ ಜಾಗಕ್ಕ ಹೋಗೋಕಿಂತ ಮುಂಚೆ ಅಶ್ವದರ್ಶನ ಮಾಡೋ ಪದ್ಧತಿ ಅದ. ಅಶ್ವಮೇಧದ ಸಂಬಂಧ."

ಹೆಂಗಸರು ಬುತ್ತಿಯ ಗಂಟು ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಇಟ್ಟುಕೊಂಡು ಗ್ಯಾಲರಿಯಲ್ಲಿ ಕುಂತರು. ಮಿಲ್ಲಿನವರಂತೂ ಕುರ್ಚಿ ಹತ್ತಿ ನಿಂತು "ಹೊಡಿ ಮಗನ, ಓಡು!" ಎಂದು ಚೀರಿದ್ದೇ ಚೀರಿದ್ದು. ಗೋಲ್ಡನ್ ಥಂಡರ್ ಶುರುವಿನಲ್ಲಿ ಚಲೋ ಇದ್ದ. ಕಡೇ ತಿರುವಿನಲ್ಲಿ ಹಿಂದೆ ಬಿದ್ದ. ಉಳಿದ ಕುದುರೆಗಳೆಲ್ಲ ಗುರಿ ಮುಟ್ಟಿ, ಬೆವರು ಒರೆಸಿಕೊಳ್ಳುವ ಹೊತ್ತಿಗೆ ಇವನು ಹವಾ ತಿನ್ನುತ್ತಾ ಬಂದ.

"ಅರ್ಚನಿ ಭಾಳ ಸ್ಟ್ರಾಂಗ್ ಆತು" ಎಂದರು ಸಾಹುಕಾರರು. "ಕುದುರಿಗೆ ವೈರಾಗ್ಯ ಬಂದುಬಿಡ್ತು."

ಮಿಲ್ಲಿನವರು ತಲೆ ಮೇಲೆ ಕೈ ಹೊತ್ತು ಕುಂತರು. ಅವರ ಹೆಂಡತಿ ಮಾತ್ರ ಕುದುರೆಯನ್ನೇ ನೋಡುತ್ತಿದ್ದರು. ಒಬ್ಬ ಓಡಿ ಬಂದು ಅದಕ್ಕೆ ನೀರು ಹಾಕಿದ, ಇನ್ನೊಬ್ಬ ಮೈ ಒರೆಸಿದ, ಕೋಟು ಹಾಕಿದ ಯಜಮಾನನೊಬ್ಬ ಬಂದು ಕುತ್ತಿಗೆ ತಟ್ಟಿ ಮುದ್ದು ಮಾಡಿದ.

"ನೋಡ್ರಿ ಅಕ್ಕಾರ" ಎಂದು ಅವರು ನನ್ನ ಕೈ ಹಿಡಿದರು. "ಎಲ್ಲಾರಕಿಂತ ಕಡೀಗೆ ಬಂದದ್ದಕ್ಕ ಇಷ್ಟು ಉಪಚಾರ! ನಾನು ಮದುವಿ ಆದಾಗಿಂದ ಎಲ್ಲಾರಕಿಂತ ಮೊದಲು ಏಳತೀನಿ, ಒಬ್ಬರಾರ ಬೆನ್ನು ತಟ್ಟಿದ್ರ ಕೇಳ್ರಿ."

ಆ ದಿನ ಗಾಡಿಯಲ್ಲಿ ಮಿಲ್ಲಿನವರು ಹೆಂಡತಿಗೆ ಕಿಟಕಿ ಸೀಟು ಬಿಟ್ಟುಕೊಟ್ಟರು. ಬೆನ್ನು ತಟ್ಟಲಿಲ್ಲ.

ಸಣ್ಣ ಗ್ಲಾಸು

ಭಾನುವಾರ ಬೆಳಿಗ್ಗೆ ತ್ರ್ಯಂಬಕೇಶ್ವರ, ಪಂಚವಟಿ ಎರಡೂ ಆಯಿತು. ಗಂಡಸರು ಪ್ರದಕ್ಷಿಣೆಯನ್ನು ಗೋಲ್ಡನ್ ಥಂಡರನಿಗಿಂತ ಬಿರುಸಾಗಿ ಮುಗಿಸಿದರು. ಮಧ್ಯಾಹ್ನಕ್ಕೆ ದ್ರಾಕ್ಷಿ ತೋಟ ಮುಟ್ಟಿದೆವು. ಸಾಹುಕಾರರು ಹ್ಯಾಟು ಹಾಕಿಕೊಂಡು ಎಲ್ಲ ಕಡೆಯಿಂದ ಫೋಟೋ ತೆಗೆಸಿಕೊಂಡರು. ಒಳಗೆ ತಂಪಾದ ಹಜಾರ, ಉದ್ದನೆ ಟೇಬಲ್ಲು, ಸಾಲು ಸಾಲು ಗ್ಲಾಸು. ತೋಟದ ಹುಡುಗಿ ಒಬ್ಬಳು ಎಲ್ಲರ ಗ್ಲಾಸಿಗೂ ಎರಡು ಗುಟುಕಿನಷ್ಟು ಕೆಂಪಗಿನದು ಹಾಕುತ್ತಾ ಬಂದಳು.

ಇಂಜಿನಿಯರು ಗಾಬರಿಯಿಂದ ಹೆಂಡತಿಯ ಗ್ಲಾಸಿಗೆ ಕೈ ಅಡ್ಡ ಹಿಡಿದರು.

"ನಿಂಗ ಬ್ಯಾಡ. ಇದು ಹುಳಿ ದ್ರಾಕ್ಷಿ ಪಾನಕ, ಪಿತ್ತ ಏರ್ತದ."

ಆ ತಾಯಿ ಗಂಡನ ಕೈ ಪಕ್ಕಕ್ಕೆ ಸರಿಸಿದರು. ಗ್ಲಾಸು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಒಂದು ಗುಟುಕು ತೆಗೆದುಕೊಂಡು, ಕಣ್ಣು ಮುಚ್ಚಿ, ನಾಲಿಗೆಯ ಮೇಲೆ ಆಡಿಸಿ, ನುಂಗಿದರು. ಉಗುಳುವ ಶಾಸ್ತ್ರ ಮಾಡಲಿಲ್ಲ. ಇಂಜಿನಿಯರ ಗೋಪೀಚಂದನ ಬೆವರಿಗೆ ಮೂಗಿನವರೆಗೆ ಇಳಿದಿತ್ತು.

"ಏ, ಅದು ಪಾನಕ ಅಲ್ಲ!" ಎಂದು ಕೊನೆಗೆ ಅವರೇ ಪಿಸುಗುಟ್ಟಿದರು. "ಅದು... ಅದು ವೈನು!"

ಹೆಂಡತಿ ಗ್ಲಾಸು ಕೆಳಗಿಟ್ಟು, ತುಟಿ ಒರೆಸಿಕೊಂಡು, ಗಂಡನ ಕಡೆ ತಿರುಗಿದರು.

"ಗೊತ್ತದ. ಆದ್ರ ನೀವು ದ್ರಾಕ್ಷಾರಿಷ್ಟದ ಬಾಟ್ಲಿಯೊಳಗ ತುಂಬಿ, ಕೆಮ್ಮಿನ ಔಷಧ ಅಂತ ಹೇಳಿ ಕಪಾಟಿನಾಗ ಇಡ್ತೀರಲ್ಲ, ಅದು ಇದಕ್ಕಿಂತ ಛಲೋ ಅದ."

ಇಂಜಿನಿಯರ ಬಾಯಿ ತೆರೆದೇ ಇತ್ತು. "ನಿಂಗ... ನಿಂಗ ಹ್ಯಾಂಗ ಗೊತ್ತು?"

"ಯಾಕ್ರೀ, ಕೆಮ್ಮು ನಿಮಗೊಬ್ಬರಿಗೇ ಬರ್ತದೇನು?"