ಕೆಂಪು ಚೀಟಿಯ ಕಸದ ಚೀಲ

ಕೆಂಪು ಚೀಟಿ ಅಂಟಿದ ಕಸದ ಚೀಲವನ್ನು ಯಾರಾದರೂ ಬೆಳಗ್ಗೆಯೇ ಬಾಗಿಲಿಗೆ ತಂದರೆ ಎಂಥವರಿಗೂ ಎದೆ ಧಸಕ್ಕೆನ್ನುತ್ತದೆ. ಕಾಮಾಕುರಾದ ಕುರಾಮೊಚಿ ಮೇಷ್ಟ್ರಿಗಂತೂ ಜೀವವೇ ಹೋದಂತಾಯಿತು. ಕಡಲು ಸೇರುವ ಪ್ಲಾಸ್ಟಿಕ್ ಬಗ್ಗೆ ಆಯುಷ್ಯವೆಲ್ಲ ಸಂಶೋಧನೆ ಮಾಡಿ ಅಂತಾರಾಷ್ಟ್ರೀಯ ಪರಿಸರ ವಿಜ್ಞಾನ ಪ್ರಶಸ್ತಿ ಗೆದ್ದವರು ಅವರು. ಟೋಕಿಯೋದಿಂದ ಟೀವಿಯವರು ಇನ್ನೇನು ಬರುವವರಿದ್ದರು.

"ಮೇಷ್ಟ್ರೇ, ಡಬ್ಬಿ, ಪ್ಲಾಸ್ಟಿಕ್ಕು, ಮೀನಿನ ಮುಳ್ಳು ಎಲ್ಲಾ ಒಂದೇ ಚೀಲದಲ್ಲಿ! ಕಸದ ಗಾಡಿಯವ್ರು 'ಬೇರೆ ಮಾಡಿಲ್ಲ' ಅಂತ ಚೀಟಿ ಅಂಟಿಸಿ ಬಿಟ್ಟುಹೋಗಿದಾರೆ. ನಿಮ್ಮ ಗೇಟಿನ ಹತ್ರಾನೇ ಇತ್ತು," ಎಂದರು ಪಕ್ಕದ ಮನೆಯ ಇಸೊಗಾಯಿ ಅಮ್ಮ. ಈ ವಾರ ಬೀದಿಯ ಕಸ ನೋಡಿಕೊಳ್ಳುವ ಪಾಳಿ ಅವರದು.

ಯಾರು ಏನೇ ಅಂದರೂ ಮೊದಲು ಬಗ್ಗಿ ತಪ್ಪಾಯಿತೆನ್ನುವುದು, ಆಮೇಲೆ ವಿಚಾರಿಸುವುದು ನಮ್ಮ ಕಡೆಯ ರೂಢಿ. ಹೆಂಡತಿ ಚಿಗುಸಾ ತಂಗಿಯ ಮನೆಗೆ ಹೋಗಿದ್ದರಿಂದ ಕಸ ಹಾಕಿದ್ದು ಮೇಷ್ಟ್ರೇ, ಅದೂ ನಿದ್ದೆಗಣ್ಣಲ್ಲಿ. ಚೀಲದತ್ತ ನೋಡದೆ ಸೊಂಟ ಬಗ್ಗಿಸಿದರು.

"ತಪ್ಪಾಯ್ತಮ್ಮ."

ಟೀವಿಯವರ ಕಣ್ಣಿಗೆ ಬೀಳದಿರಲೆಂದು ಚೀಲ ಹಿಡಿದು ಮೂಲೆಯಂಗಡಿಗೆ ಓಡಿದರು.

"ಮನೆ ಕಸ ಇಲ್ಲಿ ಹಾಕಂಗಿಲ್ಲ ಸಾರ್," ಎಂದ ಅಂಗಡಿಯವನು. "ಅರೆ, ಪೇಪರಲ್ಲಿ ಬಂದಿದ್ದೋರು ನೀವೇ ಅಲ್ವಾ?"

ಮತ್ತೆ ಬಗ್ಗಿದರು. ರೈಲ್ವೆ ಸ್ಟೇಷನ್ನಿಗೆ ಹೋದರೆ ಅಲ್ಲಿ ಕಸದ ಡಬ್ಬಿಯೇ ಇರಲಿಲ್ಲ. ಬೆವರುತ್ತ ಮನೆಗೆ ಬಂದರೆ ಗೇಟಿನಲ್ಲಿ ಕ್ಯಾಮೆರಾ! ಇಸೊಗಾಯಿ ಅಮ್ಮ ಮೈಕಿನ ಮುಂದೆ ನಿಂತಿದ್ದರು. "ಪಾಪ, ಒಳ್ಳೇರು. ಕಸ ಬೇರೆ ಮಾಡೋಕೆ ಬರಲ್ಲ ಅಷ್ಟೇ."

ಮೇಷ್ಟ್ರು ಚೀಲ ಕೆಳಗಿಟ್ಟು, ದೇಶವೆಲ್ಲ ನೋಡುತ್ತಿದ್ದಂತೆ ಬಗ್ಗಿದರು.

"ನನಗೆ ಈ ಪ್ರಶಸ್ತಿಯ ಯೋಗ್ಯತೆ ಇಲ್ಲ. ಬೇಡ ಅಂತ ಈಗಲೇ ಹೇಳ್ತಿದೀನಿ. ಕ್ಷಮಿಸಿ."

ಸಂಜೆ ಚಿಗುಸಾ ಬಂದಾಗ ಮೇಷ್ಟ್ರು ಚೀಲದ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಿದ್ದರು. ಅವಳು ಚೀಲದೊಳಗೆ ಇಣುಕಿದಳು.

"ಇದೇನ್ರೀ, ಡಬ್ಬಿಗಳೆಲ್ಲ ಬೆಕ್ಕಿನ ಊಟದ್ದು! ನಮ್ಮನೇಲಿ ಬೆಕ್ಕೆಲ್ಲಿದೆ?"

ಬೇಲಿಯಾಚೆ ಇಸೊಗಾಯಿ ಅಮ್ಮ ಕಂಕುಳಲ್ಲಿದ್ದ ಬೆಕ್ಕನ್ನು ಕೆಳಗೆ ಬಿಟ್ಟರು.

"ಅಯ್ಯೋ ಮೇಷ್ಟ್ರೇ, ಇದು ನಮ್ಮದೇ! ನಮ್ಮ ಯಜಮಾನ್ರು ಹಾಕಿರ್ಬೇಕು. ದೊಡ್ಡ ತಪ್ಪಾಯ್ತು!" ಎಂದು ಬಗ್ಗಿದರು.

ಪ್ರಶಸ್ತಿ ಬೇರೆಯವರ ಪಾಲಾಯಿತೆಂದು ಟೀವಿಯಲ್ಲಿ ಆಗಲೇ ಹೇಳಿಯಾಗಿತ್ತು. ಮೇಷ್ಟ್ರಿಗೆ ಅಳು ಬಂತು, ಕೂಗಾಡಬೇಕೆನಿಸಿತು. ಆದರೆ ಸೊಂಟ ಮಾತು ಕೇಳಬೇಕಲ್ಲ! ಅದು ತಾನಾಗಿಯೇ ಆಕೆಗಿಂತ ಒಂದು ಗೇಣು ಕೆಳಗೆ ಬಗ್ಗಿತು.

"ಛೆ ಛೆ, ನೀವ್ಯಾಕಮ್ಮ? ನೋಡದೇ ಒಪ್ಕೊಂಡಿದ್ದು ನಾನು. ತಪ್ಪು ನಂದೇ."