ಮೈದಾನವಿಲ್ಲದ ಕಾಲೇಜು

ಅನ್ನಪೂರ್ಣೇಶ್ವರಿಗೆ ದೇವರ ಮೇಲೆ ಇದ್ದದ್ದು ಒಂದೇ ತಕರಾರು. ಮಗಳಿಗೆ ಕಣ್ಣು, ಮೂಗು, ತಲೆ ತುಂಬ ಕೂದಲು, ಎಲ್ಲವನ್ನೂ ಒಂದು ಅಳತೆಯಲ್ಲಿ ಕೊಟ್ಟವನು ಕಾಲುಗಳನ್ನು ಮಾತ್ರ ಕೈಬಿಚ್ಚಿ ಕೊಟ್ಟಿದ್ದ. ಆ ಹುಡುಗಿ ನಡೆದದ್ದನ್ನು ಸೂಡಿಯಲ್ಲಿ ಯಾರೂ ನೋಡಿರಲಿಲ್ಲ. ಹಾಲಿಗೆ ಕಳಿಸಿದರೆ ಓಟ, ಹಿಟ್ಟಿನ ಗಿರಣಿಗೆ ಕಳಿಸಿದರೆ ಓಟ, ಅಜ್ಜಿ ಕರೆದರೆ ಅಜ್ಜಿಯ ಕಡೆಗೆ ಓಟ, ಅವ್ವ ಕರೆದರೆ ಅದರ ವಿರುದ್ಧ ದಿಕ್ಕಿಗೆ ಓಟ. ಒಂಬತ್ತನೆಯ ತರಗತಿಯಲ್ಲಿ ಖೋ ಖೋ ಆಡುವಾಗ ಕಂಬಕ್ಕೆ ಮುಖ ಕೊಟ್ಟು, ಮುಂದಿನ ಹಲ್ಲೊಂದರ ಅರ್ಧವನ್ನು ಅಲ್ಲಿಯೇ ಬಿಟ್ಟು ಬಂದಿದ್ದಳು. (ಗೆದ್ದೆವು ಎಂದು ಬಾಗಿಲಲ್ಲಿ ನಿಂತು ನಕ್ಕಾಗಲೇ ಮನೆಯವರಿಗೆ ಗೊತ್ತಾದದ್ದು.) ಅವತ್ತು ಅನ್ನಪೂರ್ಣೇಶ್ವರಿ ದೇವರ ಮುಂದೆ ದೀಪ ಹಚ್ಚಿ ಶಪಥ ಮಾಡಿದಳು: ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಈ ಹುಡುಗಿ ಆಟದ ಮೈದಾನದ ಮಣ್ಣು ಮೆಟ್ಟಕೂಡದು.

ಹುಡುಗಿಯ ಹೆಸರು ಕಲ್ಲವ್ವ. ಅದು ಅತ್ತೆ ಹೊನ್ನವ್ವನ ತಾಯಿಯ ಹೆಸರು. ಹುಬ್ಬಳ್ಳಿಯಲ್ಲಿ ಹುಟ್ಟಿ, ಅಲ್ಲಿಯೇ ಓದಿ, ಹತ್ತೊಂಬತ್ತಕ್ಕೆ ಸೂಡಿಯ ಕಿರಾಣಿ ಅಂಗಡಿಯ ಅಂದಾನೆಪ್ಪನನ್ನು ಕಟ್ಟಿಕೊಂಡು ಬಂದ ಅನ್ನಪೂರ್ಣೇಶ್ವರಿ ಅದನ್ನು ‘ಕಲಾ’ ಎಂದು ಪರಿಷ್ಕರಿಸಿದ್ದಳು. ಊರು ಈ ಪರಿಷ್ಕರಣೆಯನ್ನು ಮಾನ್ಯ ಮಾಡದೆ ‘ಕಲ್ಲಿ’ ಅನ್ನುತ್ತಿತ್ತು.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಸಂಜೆ ಅಂದಾನೆಪ್ಪ ರೊಟ್ಟಿ ಮುರಿಯುತ್ತ ಮಾತು ತೆಗೆದ.

“ಕಲ್ಲಿಗೆ ಆಟ ಚಲೋ ಇದ್ದ ಕಾಲೇಜ ಹುಡುಕೂಣು. ನಾ ಕಾಲೇಜಿನ್ಯಾಗ ವಾಲಿಬಾಲ್ ಹೊಡದ್ರ...”

“ಗೊತ್ತೈತ್ರಿ. ಚೆಂಡು ನರಗುಂದದ ಗುಡ್ಡಾ ದಾಟತಿತ್ತು. ಹ್ವಾದ ವರ್ಷ ಹೇಳುವಾಗ ಬರೇ ಕಾಲೇಜಿನ ಕಂಪೌಂಡ್ ದಾಟಿತ್ತು. ವರ್ಷಾ ವರ್ಷಾ ದೂರ ಹೊಂಟೈತಿ ನಿಮ್ಮ ಚೆಂಡು.”

“ಆಡೋ ಕೂಸು ಆಡ್ಲಿ ಬಿಡ,” ಎಂದಳು ಹೊನ್ನವ್ವ.

“ಅತ್ತೀ, ಹಲ್ಲ ನೋಡೀರಿಲ್ಲೋ ಅಕೀದು?”

“ಅಕೀದು ಅರ್ಧ ಹೋಗೈತಿ. ನನ್ನವು ಪೂರಾ ಹೋಗ್ಯಾವ. ನಾ ಏನ್ ರೊಟ್ಟಿ ತಿನ್ನೋದ ಬಿಟ್ಟೀನ?”

ಮತದಾನ ನಡೆದಿದ್ದರೆ ಮೂರಕ್ಕೆ ಒಂದು. ಅನ್ನಪೂರ್ಣೇಶ್ವರಿ ಕೂಡಲೇ ರಾಜತಂತ್ರಕ್ಕಿಳಿದಳು.

“ಆಗ್ಲಿ. ಆದ್ರ ಕಾಲೇಜ ನೋಡಾಕ ನಾನೂ ಬರ್ತೀನಿ. ಆಟದ ಅನುಕೂಲ ಹೆಂಗೈತಿ, ನಾನ ಕಣ್ಣಾರೆ ನೋಡಬೇಕು.”

ಹೆಂಡತಿ ದಾರಿಗೆ ಬಂದಳೆಂದು ಅಂದಾನೆಪ್ಪ ಖುಷಿಯಿಂದ ಮೋಟಾರ್‌ಸೈಕಲ್ ಒರೆಸಿದ. ಇಬ್ಬರೂ ನೋಡಲು ಹೊರಟದ್ದು ಒಂದೇ ಸಂಗತಿಯನ್ನು. ಬೇಕಾದದ್ದು ಮಾತ್ರ ತದ್ವಿರುದ್ಧ.

ಮೊದಲು ರೋಣ. ಅಲ್ಲಿ ಸುಣ್ಣದ ಗೆರೆ ಎಳೆದ ಅಗಲವಾದ ಮೈದಾನ, ಗಾಜಿನ ಕಪಾಟಿನ ತುಂಬ ಪಾರಿತೋಷಕ. ಪಿ.ಟಿ. ಮಾಸ್ತರರಾದ ಅಬ್ದುಲಮಜೀದ ಸರ್ ಮಾತಾಡುವಾಗಲೂ ಸುಮ್ಮನೆ ನಿಲ್ಲುವವರಲ್ಲ. ಹಿಮ್ಮಡಿ ಎತ್ತಿ ಇಳಿಸುತ್ತಲೇ ಇದ್ದರು.

“ಹುಡುಗ್ಯಾರು ಬಿದ್ರ ಏನ್ ಮಾಡ್ತೀರಿ ಸರ್?” ಎಂದು ಅನ್ನಪೂರ್ಣೇಶ್ವರಿ ಕೇಳಿದಳು.

“ಎಬ್ಬಸ್ತೀವ್ರಿ, ಅಕ್ಕಾರ.”

“ಎದ್ದಮ್ಯಾಲೆ?”

“ಮತ್ತ ಆಡಸ್ತೀವ್ರಿ.”

ಅವಳು ಮೈದಾನವನ್ನು ಒಮ್ಮೆ ನೋಡಿ, ಮೂಗು ಮುರಿದು, “ನೆಲಾ ಯಾಕೋ ಸರಿ ಅನ್ಸೂದಿಲ್ರಿ,” ಎಂದಳು. ಮಜೀದ ಸರ್ ಹಿಮ್ಮಡಿ ಇಳಿಸಿ, ಮೊದಲ ಸಲ ಸುಮ್ಮನೆ ನಿಂತರು. ಅವರ ಮೈದಾನಕ್ಕೆ ಹಾಗಂದವರು ಯಾರೂ ಇರಲಿಲ್ಲ.

ಆಮೇಲೆ ನರಗುಂದ. ಅಲ್ಲಿ ಸೇರಿದರೆ ಯಾವಗಲ್‌ನಲ್ಲಿ ಅಂದಾನೆಪ್ಪನ ತಂಗಿಯ ಮನೆಯಲ್ಲಿದ್ದು ಓಡಾಡಬಹುದಿತ್ತು. ಕಾಲೇಜಿನ ಗೇಟು ದಾಟುತ್ತಲೇ ಮೋಟಾರ್‌ಸೈಕಲ್ಲಿನ ಮುಂದಿನ ಗಾಲಿಯ ಹತ್ತಿರ ಏನೋ ಧೊಪ್ಪನೆ ಬಂದು ಬಿತ್ತು. ಚಕ್ರ ಎಸೆತದ ಚಕ್ರ. ಕಡ್ಡಿಯಂಥ ಹುಡುಗಿಯೊಬ್ಬಳು ಓಡಿ ಬಂದು ಅದನ್ನೆತ್ತಿಕೊಂಡಳು.

“ತಪ್ಪ ತಿಳ್ಕೋಬ್ಯಾಡ್ರಿ ಕಾಕಾ. ಇವತ್ತ ಒಂಚೂರು ಕಡಿಮಿ ಬಿತ್ತು. ದಿನಾ ಗೇಟಿನ ಹೊರಗ ಬೀಳತೈತಿ.”

“ಏನ್ ಕೈ ಐತಿ ನೋಡ ಹುಡುಗೀದು,” ಎಂದು ಅಂದಾನೆಪ್ಪ ಕರಗಿ ನೀರಾದ. ಅನ್ನಪೂರ್ಣೇಶ್ವರಿ ಗಾಡಿಯಿಂದ ಇಳಿಯಲೇ ಇಲ್ಲ.

ಕಡೆಗೆ ಗಜೇಂದ್ರಗಡ. ಉಳ್ಳಾಗಡ್ಡಿ ಗೋದಾಮಿನ ಮೇಲಿನ ಅಟ್ಟದಲ್ಲಿ ಹೊಸದಾಗಿ ತೆರೆದ ಪುಟ್ಟ ಕಾಲೇಜು. ಹತ್ತುವ ಮೆಟ್ಟಿಲಲ್ಲೇ ಘಾಟಿಗೆ ಕಣ್ಣಲ್ಲಿ ನೀರು ಬಂತು. ಕೆಳಗೆ ಚೀಲಗಳ ಮೇಲೆ ಹೊದಿಸಿದ್ದು ವಾಲಿಬಾಲ್ ನೆಟ್ಟು ಎಂದು ತಿಳಿದಾಗ ಅಂದಾನೆಪ್ಪನ ಕಣ್ಣಲ್ಲಿ ಇನ್ನಷ್ಟು ಬಂತು.

“ಆಟದ ಕಡೆ ನಾವು ಸ್ವಲ್ಪ ಹಿಂದ ಅದೀವ್ರಿ,” ಎಂದರು ಪ್ರಿನ್ಸಿಪಾಲರು, ಸಂಕೋಚದಿಂದ.

“ಎಷ್ಟು ಹಿಂದರಿ?” ಅನ್ನಪೂರ್ಣೇಶ್ವರಿ ಕುರ್ಚಿಯ ತುದಿಗೆ ಸರಿದಳು.

“ಖರೇ ಹೇಳಬೇಕಂದ್ರ ಅಗದಿ ಹಿಂದರಿ. ಮೈದಾನಿಲ್ಲ. ಮಾಸ್ತರಿಲ್ಲ. ಒಂದು ಕ್ಯಾರಂ ಬೋರ್ಡ್ ಇತ್ತು. ಕಿಡಕಿ ಬಾಗಲಾ ಮುರದಿತ್ತಂತ ಅಲ್ಲಿ ಹಚ್ಚೀವಿ.”

ಎಷ್ಟೋ ತಿಂಗಳ ಮೇಲೆ ಅವಳ ಮುಖ ಅರಳಿದ್ದು ಅವತ್ತೇ. ಇಂಥ ಸತ್ಯವಂತ ಪ್ರಿನ್ಸಿಪಾಲರನ್ನು ತಾನು ಹುಬ್ಬಳ್ಳಿಯಲ್ಲೂ ಕಂಡಿರಲಿಲ್ಲ ಎಂದು ಮನೆಗೆ ಬಂದು ಹೇಳಿದಳು.

“ಅದು ಕಾಲೇಜಲ್ಲ, ಉಳ್ಳಾಗಡ್ಡಿ ವಖಾರಿ,” ಎಂದು ಅಂದಾನೆಪ್ಪ ಗುಡುಗಿದ.

“ರೋಣದಾಗ ಹಾಸ್ಟೆಲ್, ಯಾವಗಲ್‌ನ್ಯಾಗ ನಿಮ್ಮ ತಂಗಿ ಮನಿ. ಇಲ್ಲೇ ಆದ್ರ ಮಗಳು ದಿನಾ ಸಂಜಿಗೆ ಮನಿಗೆ ಬರ್ತಾಳ. ನಿಮಗ ಅಕೀ ಮನ್ಯಾಗಿರೋದು ಬ್ಯಾಡಾಗಿದ್ರ ಹೇಳ್ರಿ.”

ಅಂದಾನೆಪ್ಪನ ಗುಡುಗು ಅಲ್ಲಿಗೇ ನಿಂತಿತು. ಮಗಳು ಅಂಗಡಿಗೆ ಬಂದು ಬೆಲ್ಲ ಕದ್ದು ತಿನ್ನದ ಸಂಜೆಯನ್ನು ಅವನು ಊಹಿಸಲಾರದವನಾಗಿದ್ದ. ಹೊನ್ನವ್ವನೂ ಮೊಮ್ಮಗಳು ಮನೆಯಲ್ಲೇ ಇರಲಿ ಎಂದಳು. ಕಲ್ಲವ್ವ ಎರಡು ದಿನ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಮೂರನೆಯ ದಿನ ಕೇಳಿದಳು:

“ದಿನಾ ಹೋಗೋದು ಹ್ಯಾಂಗ? ಬಸ್ಸಿಗೇನ?”

ಅನ್ನಪೂರ್ಣೇಶ್ವರಿಗೆ ಸಂಜೆಯ ಬಸ್ಸು ಕಣ್ಣ ಮುಂದೆ ಬಂತು. ಒಳಗೆ ಜನರ ಮೇಲೆ ಜನ, ಬಾಗಿಲಲ್ಲಿ ಜೋತುಬಿದ್ದು ಸಿಳ್ಳೆ ಹಾಕುವ ಹುಡುಗರು. ಬೇಡವೇ ಬೇಡ. ಎಂಟನೆಯ ತರಗತಿಯಲ್ಲಿ ಸರ್ಕಾರ ಕೊಟ್ಟ ಸೈಕಲ್ ಹಿತ್ತಲಲ್ಲಿತ್ತು. ಪಕ್ಕದ ಮನೆಯ ಸುಗರಾ ಕೂಡ ಅದೇ ಕಾಲೇಜು. ಇಬ್ಬರೂ ಸೈಕಲ್ ಮೇಲೆ ಜೋಡಿಯಾಗಿ ಹೋಗಿ ಬರಲಿ. ಆದರೆ ಷರತ್ತುಗಳಿದ್ದವು. ಮೂರು ಅಂತಸ್ತಿನ ಬುತ್ತಿ, ದೊಡ್ಡ ನೀರಿನ ಕ್ಯಾನು, ಛತ್ರಿ, ಡೆಟಾಲ್ ಬಾಟಲಿ ಯಾವಾಗಲೂ ಕ್ಯಾರಿಯರಿನಲ್ಲಿರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಅವಳು ಬೆರಳೆತ್ತಿ ಹೇಳಿದಳು.

“ಕಾಲೇಜ ಬಿಡೂದಕ್ಕೂ ಆ ಬಸ್ ಬಿಡೂದಕ್ಕೂ ಒಂದ ಹೊತ್ತು. ಬಸ್ಸಿನ್ಯಾಗಿನ ಹುಡುಗುರು ಸೂಡ್ಯಾಗ ಇಳಿಯೂದ್ರಾಗ ನೀ ಮನಿಯೊಳಗಿರಬೇಕು. ಒಂದ ದಿನ ಬಸ್ ಮೊದಲ ಬಂತಂದ್ರ ನಾನ ಅಲ್ಲಿಗೆ ಬಂದು ಕೂಡ್ತೀನಿ. ಕ್ಲಾಸಿನ್ಯಾಗ, ನಿನ್ನ ಬಾಜೂಕ.”

ಕಲ್ಲವ್ವನ ಕಣ್ಣಲ್ಲಿ ಏನೋ ಮಿಂಚಿತು. ಅವ್ವ ಅದನ್ನು ಭಯ ಅಂದುಕೊಂಡಳು.

ಅಂದಿನಿಂದ ಪ್ರತಿ ಸಂಜೆ ಅನ್ನಪೂರ್ಣೇಶ್ವರಿ ಬಾಗಿಲಲ್ಲಿ ನಿಲ್ಲುವಳು. ದೂರದಲ್ಲಿ ಧೂಳು, ಧೂಳಿನ ಮುಂದೆ ಮಗಳು, ಎಷ್ಟೋ ಹಿಂದೆ ಸುಗರಾ, ಅವಳ ಹಿಂದೆ ಬಸ್ಸು. “ಕಲಾ, ಬಸ್ಸು ಬಂತ ನೋಡ, ಲಗೂ ಬಾ,” ಎಂದು ಕೂಗಿಕೊಳ್ಳುವಳು. ಹುಡುಗಿ ಒಳಗೆ ಬಂದು ತಂಬಿಗೆ ನೀರು ಕುಡಿದು, ರೊಟ್ಟಿಯ ಮೇಲೆ ರೊಟ್ಟಿ ತಿಂದು, ತೆಪ್ಪಗೆ ಓದಲು ಕೂರುವಳು.

“ಮೈದಾನ ತಪ್ಪಿಸಿದ್ಕ ನೋಡ್ರಿ, ಹೆಂಗ ಕುಂತು ಓದಾಕತ್ಯಾಳ,” ಎಂದು ಅವಳು ಓಣಿಗೆಲ್ಲ ಹೇಳಿದಳು. “ಓದೂದ್ರಾಗ ಇಷ್ಟು ಹಸಿವು ಆಗತೈತಂತ ನನಗೂ ಗೊತ್ತಿರಲಿಲ್ಲ.”

ಅವಳಿಗೆ ಗೊತ್ತಿಲ್ಲದ್ದು ಬಸ್ಸಿನವರಿಗೆಲ್ಲ ಗೊತ್ತಿತ್ತು. ಗುಡ್ಡದ ಮೇಲೆ ಹೊಸದಾಗಿ ನೆಟ್ಟ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಯೇ ಆ ಹುಡುಗಿಯ ಎದೆಗೂ ಬಡಿಯುತ್ತಿತ್ತು. ಆದರೂ ಅವಳು ತಲೆ ತಗ್ಗಿಸಿ ತುಳಿದಳೆಂದರೆ ಚಾಲಕ ಖಾಜಾಸಾಬನ ಮರ್ಯಾದೆ ರಸ್ತೆಗೆ ಬೀಳುತ್ತಿತ್ತು. ಸಂತೆಯಿಂದ ಬರುವ ಹೊನ್ನವ್ವ ಮುಂದಿನ ಸೀಟಿನಲ್ಲಿ ಕೂತು ಗದರುವಳು:

“ಏ ಖಾಜಾಸಾಬ, ಹಗೂರ ಹೊಡಿಯೋ. ಮುಂದ ಕೂಸು ಹೊಂಟೈತಿ.”

“ಹಗೂರ ಎಲ್ಲಿ ಅಜ್ಜಿ? ಪೂರಾ ತುಳದೀನಿ. ಬಸ್ ಇಷ್ಟ ಓಡತೈತಿ.”

ಬಸ್ಸಿನ ಜನ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಹೊಡಿ ಕಲ್ಲಿ,” ಅನ್ನುವರು. ಮನೆಯಲ್ಲಿ ಹೊನ್ನವ್ವ ಬಾಯಿ ಬಿಡುತ್ತಿರಲಿಲ್ಲ. ಖಾಜಾಸಾಬ ಮಾತ್ರ ತನ್ನ ಸೋಲಿನ ಕಥೆಯನ್ನು ರೋಣ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಹೇಳಿದ. ಅದು ಅಬ್ದುಲಮಜೀದ ಸರ್ ಕಿವಿಗೆ ಬಿತ್ತು. ಅವರು ಗೋದಾಮಿನ ಕಾಲೇಜಿನ ಪ್ರಿನ್ಸಿಪಾಲರನ್ನು ಕಂಡರು. ಪ್ರಿನ್ಸಿಪಾಲರು ಅಂದಾನೆಪ್ಪನನ್ನು ಕರೆಸಿ ಸಹಿ ಮಾಡಿಸಿಕೊಂಡರು. ಅಂದಾನೆಪ್ಪ ಮನೆಗೆ ಬಂದು ಹೆಂಡತಿಗೆ ಹೇಳಿದ್ದು: “ಗದಗಿನ್ಯಾಗ ವಿಜ್ಞಾನ ಪ್ರದರ್ಶನ ಐತಿ. ಕಲ್ಲೀನ ಆರಿಸ್ಯಾರ.”

ಅನ್ನಪೂರ್ಣೇಶ್ವರಿ ಹಿಗ್ಗಿ ಹೀರೇಕಾಯಿಯಾದಳು. ಕಾಲೇಜಿನವರ ಜೊತೆ ಮುಂಚೆಯೇ ಹೋಗಿದ್ದ ಮಗಳ ಹಿಂದೆ ಬುತ್ತಿ, ಛತ್ರಿ, ಡೆಟಾಲ್ ಹಿಡಿದು ತಾನೂ ಹೊರಟಳು.

ಗದಗಿನ ಹೊರಗಿನ ಆ ಡಾಂಬರು ರಸ್ತೆಯಲ್ಲಿ ವಿಜ್ಞಾನ ಎಲ್ಲಿಯೂ ಕಾಣಲಿಲ್ಲ. ಹೆಲ್ಮೆಟ್ಟು ತೊಟ್ಟ ಹುಡುಗಿಯರು ಸಪೂರ ಗಾಲಿಯ ಸೈಕಲ್ ಹಿಡಿದು ಸಾಲಾಗಿ ನಿಂತಿದ್ದರು. ನಡುವೆ ಯಾರದೋ ಹೆಲ್ಮೆಟ್ಟು, ಸರ್ಕಾರಿ ಸೈಕಲ್ಲು, ಅರ್ಧ ಹಲ್ಲು.

“ರೀ, ಇದೇನಿದು?” ಎಂದು ಅವಳು ತಿರುಗುವಷ್ಟರಲ್ಲಿ ಅಂದಾನೆಪ್ಪ ಅಲ್ಲಿರಲಿಲ್ಲ. ಜನರ ಹಿಂದೆ ಅಡಗಿದ್ದ. ಅಷ್ಟರಲ್ಲಿ ಸೀಟಿ ಊದಿಯಾಗಿತ್ತು.

ಜಿಲ್ಲೆಯ ಪಂದ್ಯ. ಮೊದಲ ಸುತ್ತಿಗೆ ಕಲ್ಲವ್ವ ಐದನೆಯವಳು. ಕಡೆಯ ಸುತ್ತಿಗೆ ಮೂರನೆಯವಳು. ಬೀಳಬಾರದು, ಬೀಳದಿದ್ದರೆ ಸಾಕು ಎಂದು ಅನ್ನಪೂರ್ಣೇಶ್ವರಿ ಇದ್ದಬದ್ದ ದೇವರಿಗೆಲ್ಲ ಹರಕೆ ಹೊರುತ್ತಿದ್ದಾಗ ಪಕ್ಕದ ರಸ್ತೆಯಲ್ಲಿ ಒಂದು ಬಸ್ಸು ಜೋರಾಗಿ ಹಾರ್ನ್ ಹೊಡೆಯಿತು. ತಿಂಗಳುಗಟ್ಟಲೆ ಅದೇ ಕೆಲಸ ಮಾಡಿದ ಬಾಯಿ ತಾನಾಗಿಯೇ ತೆರೆದುಕೊಂಡಿತು.

“ಕಲಾ, ಬಸ್ಸು ಬಂತ ನೋಡ, ಲಗೂ ಬಾ!”

ಹುಡುಗಿಯ ತಲೆ ತಗ್ಗಿತು. ಬೆನ್ನು ಬಾಗಿತು. ಸರ್ಕಾರಿ ಸೈಕಲ್ಲು ಚೈನು ಕಿತ್ತು ಬರುವಂತೆ ಕಿರುಗುಟ್ಟಿತು. ಸಪೂರ ಗಾಲಿಯವರಿಬ್ಬರೂ ತಮ್ಮನ್ನು ದಾಟಿ ಹೋದದ್ದೇನೆಂದು ತಿಳಿಯುವುದರೊಳಗೆ ಕಲ್ಲವ್ವ ಗೆರೆ ದಾಟಿ, ನಿಲ್ಲದೆ, ನೇರವಾಗಿ ಅವ್ವನ ಮುಂದೆ ಬಂದು ಬ್ರೇಕು ಹಾಕಿದಳು.

ಪತ್ರಿಕೆಯವನೊಬ್ಬ ಬಂದು, ನಿನ್ನ ಕೋಚ್ ಯಾರು ಎಂದು ಕೇಳಿದ.

“ನಮ್ಮವ್ವ,” ಎಂದಳು ಹುಡುಗಿ. (‘ಮಮ್ಮಿ’ ಅನ್ನು ಎಂದು ಹತ್ತು ವರ್ಷ ಹೇಳಿಕೊಟ್ಟದ್ದೂ ನೀರುಪಾಲು.)

ಅಬ್ದುಲಮಜೀದ ಸರ್ ತಮ್ಮ ಕೊರಳಿನ ಸೀಟಿ ತೆಗೆದು ಅನ್ನಪೂರ್ಣೇಶ್ವರಿಯ ಕೈಗಿಟ್ಟರು. “ಅಕ್ಕಾರ, ಅವತ್ತ ನಮ್ಮ ಮೈದಾನ ನೋಡಿ ನೀವು ಯಾಕ ಮೂಗು ಮುರದ್ರಿ ಅಂತ ಈಗ ತಿಳೀತು. ರಸ್ತೆ ಮ್ಯಾಲಿನ ಆಟಕ್ಕ ಮೈದಾನ ಯಾಕ ಬೇಕ್ರಿ?”

ಅವಳು ಡೆಟಾಲ್ ಬಾಟಲಿ ಹಿಡಿದು ಮಗಳ ಮೊಣಕಾಲು ನೋಡಲು ಬಾಗಿದಳು.

ಮುಂದೆ ರಾಜ್ಯಮಟ್ಟ. ಬೆಳಗಿನ ಜಾವ ಗಜೇಂದ್ರಗಡದ ರಸ್ತೆಯಲ್ಲಿ ಅಭ್ಯಾಸ. ಹುಡುಗಿಯನ್ನು ಒಂಟಿಯಾಗಿ ಬಿಡಲು ಅನ್ನಪೂರ್ಣೇಶ್ವರಿಯ ಜೀವ ಒಪ್ಪಲಿಲ್ಲ. ಗಂಡನ ಮೋಟಾರ್‌ಸೈಕಲ್ಲಿನ ಹಿಂದೆ ಕೂತು, ಎದುರಿಗೆ ನಾಯಿ, ಎಮ್ಮೆ, ಟ್ರ್ಯಾಕ್ಟರ್ ಕಂಡಾಗಲೆಲ್ಲ ಎಚ್ಚರಿಸಲೆಂದು ಮಜೀದ ಸರ್ ಕೊಟ್ಟ ಸೀಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಹೊರಟಳು.

“ರೀ, ಮುಂದ ತೆಗ್ಗೈತಿ,” ಎಂದು ಹೇಳಬೇಕಾದ ಹೊತ್ತಿನಲ್ಲಿ ಬಾಯಲ್ಲಿ ಸೀಟಿ ಇತ್ತು. ಉಳಿದದ್ದನ್ನು ತೆಗ್ಗೇ ಮಾಡಿತು.

ಮನೆಗೆ ಬಂದಾಗ ಕಟ್ಟೆಯ ಮೇಲೆ ಅಸೂಟಿಯ ರೈತ ಅಜ್ಜಪ್ಪ ಹೆಂಡತಿಯೊಡನೆ ಕಾದು ಕೂತಿದ್ದ. ಮಗಳ ಎಸ್ಸೆಸ್ಸೆಲ್ಸಿ ಮುಗಿಯುತ್ತಿತ್ತು. ಪತ್ರಿಕೆ ಓದಿ ಬಂದಿದ್ದ.

“ಅಕ್ಕಾರ, ಆಟಕ್ಕ ಯಾವ ಕಾಲೇಜ ಚಲೋರಿ? ನೀವ ಆರಿಸಿ ಕೊಡಬೇಕು.”

ಸೆರಗಿನಿಂದ ಬಾಯಿ ಒತ್ತಿಕೊಂಡಿದ್ದ ಅನ್ನಪೂರ್ಣೇಶ್ವರಿ, ಆಟದ ಹೆಸರೇ ಎತ್ತಬೇಡಿರಿ ಎಂದು ಕೈಮುಗಿದು ಹೇಳಲೆಂದು ಸೆರಗು ತೆಗೆದಳು. ಮುಂದಿನ ಹಲ್ಲೊಂದರಲ್ಲಿ ಸರಿಯಾಗಿ ಅರ್ಧ ಹೋಗಿತ್ತು. ಪಕ್ಕದಲ್ಲಿ ನಿಂತ ಕಲ್ಲವ್ವ ಅದನ್ನು ನೋಡಿ ನಕ್ಕಳು. ಒಳಗಿಂದ ಬಂದ ಹೊನ್ನವ್ವ ಬೊಚ್ಚುಬಾಯಿ ತೆರೆದು ಇನ್ನೂ ಜೋರಾಗಿ ನಕ್ಕಳು.

ಅಜ್ಜಪ್ಪ ಮೂರೂ ಬಾಯಿಗಳನ್ನು ಸಾಲಾಗಿ ನೋಡಿದ. ಹೆಂಡತಿಯ ಕಡೆ ಬಾಗಿ, ಭಕ್ತಿಯಿಂದ ಪಿಸುಗುಟ್ಟಿದ:

“ನೋಡ್ದೇನ? ಮನಿತನಾನ ಆಟದ್ದು.”