ರೆಕ್ಕೆ ಕದ್ದ ಎಡಗೈ

ದುರುಗೇಶನ ಫಜೀತಿ ಶುರುವಾದದ್ದು ಒಂದು ಏಲಕ್ಕಿ ಹಾರದಿಂದ.

ಅವನು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಡಾಕಪ್ಪ ಸಾವ್ಕಾರರ ದಲಾಲಿ ಅಂಗಡಿಯ ಗುಮಾಸ್ತ. ಆ ಗುರುವಾರ ಅಂಗಡಿಗೆ ಮಸಾಲೆ ಕಂಪನಿಯ ದೊಡ್ಡ ಖರೀದಿದಾರರೊಬ್ಬರು ಬರುವವರಿದ್ದರು. ಅಂಥವರ ಕೊರಳಿಗೆ ಹಾವೇರಿಯ ಏಲಕ್ಕಿ ಹಾರ ಬೀಳದಿದ್ದರೆ ಸಾವ್ಕಾರರ ಮರ್ಯಾದೆ ಏನಾದೀತು? ದುರುಗೇಶ ನಸುಕಿನಲ್ಲೇ ಹಾವೇರಿಗೆ ಹೋದ. ಹಾರ ಕಟ್ಟುವವರ ಕೆಲಸ ಇನ್ನೂ ಮುಗಿದಿರಲಿಲ್ಲ; ಅವರು ಮುಗಿಸುವವರೆಗೆ ಜಗಲಿಯ ಮೇಲೆ ತೂಕಡಿಸಿದ. ಬಿಸಿಲೇರುವ ಹೊತ್ತಿಗೆ ಹಾರದ ಡಬ್ಬಿ ಬಗಲಲ್ಲಿ ಇಟ್ಟುಕೊಂಡು ಬ್ಯಾಡಗಿಯಲ್ಲಿ ಬಸ್ಸಿಳಿದ. ಇಷ್ಟನ್ನೂ ಗೊಣಗದೆ ಮಾಡಿದ್ದಕ್ಕೆ ಕಾರಣವಿತ್ತು. ಸಾವ್ಕಾರರು ಮಧ್ಯಾಹ್ನ ರಜೆ ಕೊಡುತ್ತೇನೆಂದು ಮಾತು ಕೊಟ್ಟಿದ್ದರು. ರಾಣೇಬೆನ್ನೂರಿನಲ್ಲಿ ಅಂದು ‘ಲೋಹಗರುಡ’ ಮೂರನೆಯ ಭಾಗ ಬಿಡುಗಡೆಯಾಗುತ್ತಿತ್ತು.

ಲೋಹಗರುಡ ಎಂದರೆ ಕಬ್ಬಿಣದ ರೆಕ್ಕೆ ಕಟ್ಟಿಕೊಂಡು ಹಾರುವ ಸಿನಿಮಾ ವೀರ. ಮೊದಲ ಭಾಗದಲ್ಲಿ ಊರು ಉಳಿಸಿದ. ಎರಡನೆಯ ಭಾಗದಲ್ಲಿ ದೇಶ ಉಳಿಸಿದ. ಉಳಿಸಿದ ದಣಿವಿಗೆ ಮಲಗಿದ್ದಾಗ, ಕರಿ ಕೈಗವಸು ತೊಟ್ಟ ಒಂದು ಎಡಗೈ ಬಂದು ರೆಕ್ಕೆ ಬಿಚ್ಚಿಕೊಂಡು ಹೋಯಿತು. ಪರದೆ ಕಪ್ಪಾಯಿತು, ಜನ ಮನೆಗೆ ಹೋದರು. ಆಮೇಲೆ ಮೂರು ವರ್ಷ ಆ ಎಡಗೈ ಯಾರದೆಂಬ ಚಿಂತೆ. ಅಷ್ಟರಲ್ಲಿ ದುರುಗೇಶನ ಮದುವೆಯಾಯಿತು, ಮಗಳು ಹುಟ್ಟಿದಳು, ಕಣ್ಣಿಗೆ ಕನ್ನಡಕ ಬಂತು. ಎಡಗೈ ಮಾತ್ರ ಗೊತ್ತಾಗಲಿಲ್ಲ.

ಅದನ್ನು ಪರದೆಯ ಮೇಲೆಯೇ ನೋಡಬೇಕು, ಯಾರ ಬಾಯಿಂದಲೂ ಕೇಳಬಾರದು ಎಂಬುದು ಅವನ ಹಟ. ಬ್ಯಾಡಗಿಯ ಗೆಳೆಯರೆಲ್ಲ ಸೇರಿ ಟಿಕೆಟ್ ತೆಗೆಸಿದಾಗ ಅವನೇ ಒಂದು ಕಾಯ್ದೆ ಮಾಡಿದ್ದ. ‘ಪೇಟ್ಯಾಗ ಟೆಂಡರ್ ತೆಗಿಯೂದರಕಿಂತ ಮೊದಲ ದರದ ಗುಟ್ಟು ಒಡದಾವನ್ನ ಯಾರರ ಒಳಗ ಬಿಟ್ಗೋತಾರೇನು? ಇದೂ ಹಂಗ. ಕತಿ ಗುಟ್ಟು ಒಡದಾವ ಟಾಕೀಜಿನಿಂದ ಹೊರಗ!’ ಎಲ್ಲರೂ ಕೈಯೆತ್ತಿ ಒಪ್ಪಿದ್ದರು.

ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಆಗಲೇ ಪಂಚಾಯಿತಿ ನಡೆದಿತ್ತು. ಒಂದು ಕಡೆ ಮೊಬೈಲ್ ರಿಪೇರಿಯ ಸರ್ಫರಾಜ. ಅವನದು ಮೊದಲ ಭಾಗದ ಪಕ್ಷ. ಇನ್ನೊಂದು ಕಡೆ ಆಟೊ ಓಡಿಸುವ ಖಲಂದರ. ಅವನದು ಎರಡನೆಯ ಭಾಗ.

‘ಒಂದನೇದರಾಗ ಕತಿ ಇತ್ತಪಾ,’ ಎಂದ ಸರ್ಫರಾಜ. ‘ರೆಕ್ಕಿ ಕಟ್ಗೊಂಡು ಮೊದಲನೇ ಸಲ ಜಿಗದಾಗ ತಿಪ್ಪಿಯಾಗ ಬೀಳ್ತಾನ. ಅಂವಾ ಮನಷ್ಯಾ ಅನಿಸ್ತಾನ. ಎರಡನೇದರಾಗ ಏನೈತಿ? ನಮ್ಮೂರ ಮೆಣಸಿನಕಾಯಿ ಇದ್ದಂಗ. ಬಣ್ಣ ಕೆಂಪಗ, ಖಾರ ಇಲ್ಲ.’

‘ಮೆಣಸಿನಕಾಯಿ ಸುದ್ದಿಗೆ ಬರಬ್ಯಾಡ ನೋಡು! ಆ ಬಣ್ಣಾ ನೋಡೇ ದೇಶದ ಮಂದಿ ನಮ್ಮೂರಿಗೆ ಬರ್ತಾರ. ಎರಡನೇದರಾಗ ಹಾರೂ ವಿಮಾನ ಕೈಲೆ ಹಿಡದಾನ. ನಿನ್ನ ಒಂದನೇದರಾಗ ಅರ್ಧಾ ಸಿನಿಮಾ ಅವ್ವನ ಮುಂದ ಕುಂತು ಅಳತಾನ.’

‘ಹಿಡದಾನ, ಖರೆ. ಯಾಕ ಹಿಡದ ಹೇಳು ನೋಡೋಣು?’

ಖಲಂದರ ಕಪ್ಪು ಕೆಳಗಿಟ್ಟು ಯೋಚಿಸಿದ. ‘ಬೀಳಾಕತ್ತಿತ್ತು, ಹಿಡದ.’

ದುರುಗೇಶನಿಗೆ ಒಂದು ದುರಭ್ಯಾಸವಿತ್ತು. ಇಬ್ಬರು ವಾದಿಸುವಲ್ಲಿ ಮೂರನೆಯ ಮಾತು ಹೇಳದಿದ್ದರೆ ಅವನಿಗೆ ಕುಡಿದ ಚಹಾ ಒಳಗಿಳಿಯುತ್ತಿರಲಿಲ್ಲ. ಹಾರದ ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಅಂದ: ‘ಅದೆಲ್ಲಾ ಬಿಡ್ರೋ. ಆ ಎಡಗೈ ಯಾರದ ಗೊತ್ತೈತೇನು? ಅವರವ್ವಂದು.’

ಅಂಗಡಿಯ ಮಂದಿಯೆಲ್ಲ ತಿರುಗಿದರು.

‘ಒಂದನೇದರಾಗ ಆಕಿ ರೊಟ್ಟಿ ಬಡಸೂದು ಎಡಗೈಲೆ. ನಮ್ಮ ಮನ್ಯಾಗ ಹಂಗ ಬಡಸಿದ್ರ ಅಜ್ಜಿ ತಾಟು ತಗದು ಒಗೀತಿದ್ಲು. ಡೈರೆಕ್ಟರ್ ಸುಮ್ಮನ ಇಟ್ಟಿಲ್ಲ ಅದನ್ನ. ಮಗಾ ಬಿದ್ದು ಸಾಯಬಾರದಂತ ಆಕಿನ ರೆಕ್ಕಿ ಮುಚ್ಚಿಟ್ಟಾಳ. ನಮ್ಮವ್ವ ನನ್ನ ಬೈಕಿನ ಚಾವಿ ಮುಚ್ಚಿಟ್ಟಂಗ.’

ಚಹಾ ಮೂಗಿಗೇರುವಷ್ಟು ನಗು ಎದ್ದಿತು. ‘ಹೆತ್ತ ತಾಯಿನ್ನ ಕಳ್ಳಿ ಮಾಡಿದೆಲ್ಲಲೇ!’ ಎಂದು ಸರ್ಫರಾಜ ಅವನ ಬೆನ್ನಿಗೆ ಗುದ್ದಿದ. ಖಲಂದರನಿಗಂತೂ ಇದು ಎಷ್ಟು ಹಿಡಿಸಿತೆಂದರೆ, ಅಂದು ಆಟೊ ಹತ್ತಿದವರಿಗೆಲ್ಲ ‘ನಮ್ಮ ದುರುಗ್ಯಾ ಏನಂದ ಗೊತ್ತೇನ್ರಿ’ ಎಂದು ಹೇಳಿ ನಗಿಸಿದ. ಹತ್ತು ಗಂಟೆಗೆಲ್ಲ ಅರ್ಧ ಬ್ಯಾಡಗಿ ನಕ್ಕಿತ್ತು.

ಅಂಗಡಿ ತಲುಪಿ ಹಾರದ ಡಬ್ಬಿಯನ್ನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಟ್ಟಾಗ ದುರುಗೇಶನ ಮೊಬೈಲು ಕುಂಯ್ಗುಟ್ಟಿತು. ಸಿನಿಮಾದ ಅಭಿಮಾನಿಗಳ ಗುಂಪಿನಲ್ಲಿ ಹಾವೇರಿಯವನೊಬ್ಬ ಬರೆದಿದ್ದ: ‘ಹಾವೇರಿಯಲ್ಲಿ ನಸುಕಿನ ಆಟ ಮುಗೀತು. ಎಡಗೈ ಗೊತ್ತಾತು! ಅದು ಮತ್ತ್ಯಾರೂ ಅಲ್ಲ...’ ಅಷ್ಟಕ್ಕೇ ಸಾಲು ಮುಗಿದು, ಮುಂದಿನದು ಓದಲು ಬೆರಳು ಒತ್ತಬೇಕಿತ್ತು. ದುರುಗೇಶ ಮೊಬೈಲನ್ನೇ ಆರಿಸಿ, ಖಾಲಿ ಚೀಲದ ಕೆಳಗೆ ಮುಚ್ಚಿಟ್ಟ.

ಆದರೆ ಪೇಟೆಯ ಬಾಯಿ ಆರಿಸಲು ಗುಂಡಿ ಎಲ್ಲಿದೆ? ಚೀಲ ಹೊರುವವರು, ತೂಕದವರು, ಎಲ್ಲರದೂ ಅದೇ ಮಾತು. ಕಿವಿ ಮುಚ್ಚಿಕೊಂಡು ಓಡಾಡುತ್ತಿದ್ದ ಅವನನ್ನು ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಬಿಸ್ಮಿಲ್ಲಾಬಿ ಕರೆದಳು.

‘ಯಾಕೋ ದುರುಗಣ್ಣಾ, ಕಿವಿ ಸಿಡ್ಯಾಕತ್ತೇತೇನು?’

‘ಇಲ್ಲ ಚಾಚಿ. ಸಿನಿಮಾದ ಕತಿ ಕೇಳಬಾರದು. ಮಧ್ಯಾಹ್ನತನಕ ಹೆಂಗರ ತಡೀಬೇಕು.’

‘ಅಷ್ಟನ?’ ಅವಳು ತಾನು ಕುಳಿತಿದ್ದ ಹಳೆಯ ದಿಂಬಿನ ಹರಕಿಗೆ ಕೈಹಾಕಿ ಎರಡು ಉಂಡೆ ಹತ್ತಿ ಕಿತ್ತುಕೊಟ್ಟಳು. ದುರುಗೇಶ ಎರಡೂ ಕಿವಿಗೆ ಒತ್ತಿ ತುಂಬಿಕೊಂಡ. ಜಗತ್ತು ಸುಮ್ಮನಾಯಿತು. ಅವನಿಗೆ ಅವಳ ಕಾಲಿಗೆ ಬೀಳಬೇಕೆನ್ನಿಸಿತು.

ಸ್ವಲ್ಪ ಹೊತ್ತಿನಲ್ಲಿ ಕಿವಿ ಬೆಚ್ಚಗಾಯಿತು. ಆಮೇಲೆ ಬಿಸಿಯಾಯಿತು. ಆಮೇಲೆ ಉರಿಯತೊಡಗಿತು. ಆ ದಿಂಬು ಎಷ್ಟೋ ವರ್ಷಗಳಿಂದ ಮೆಣಸಿನಕಾಯಿಯ ರಾಶಿಯ ಪಕ್ಕದಲ್ಲೇ ಇದ್ದದ್ದು. ಬ್ಯಾಡಗಿ ಕಾಯಿಗೆ ಖಾರವಿಲ್ಲ ಎಂದ ಸರ್ಫರಾಜನನ್ನು ಕರೆದು ಒಂದು ಉಂಡೆ ಅವನ ಕಿವಿಗೂ ಇಡಬೇಕೆನ್ನಿಸಿತು. ಆದರೂ ಹತ್ತಿ ತೆಗೆಯಲಿಲ್ಲ. ಹಲ್ಲು ಕಚ್ಚಿ ನಿಂತ.

ಅಷ್ಟರಲ್ಲಿ ಖರೀದಿದಾರರ ಕಾರು ಬಂತು. ಬಿಳಿ ಅಂಗಿ, ಬಿಳಿ ಪ್ಯಾಂಟಿನ ಗಂಭೀರ ಮನುಷ್ಯನೊಬ್ಬ ಮೊದಲು ಇಳಿದ. ಹಿಂದಿನ ಬಾಗಿಲಿನಿಂದ ಸುಕ್ಕು ಅಂಗಿಯ ಸಣಕಲ ಇನ್ನೊಬ್ಬ ಇಳಿದ. ಡಾಕಪ್ಪ ಸಾವ್ಕಾರರು ಗದ್ದ ಎತ್ತಿ ಏನೋ ಹೇಳಿದರು. ದುರುಗೇಶನಿಗೆ ತುಟಿ ಕಂಡಿತು, ಮಾತು ಕೇಳಲಿಲ್ಲ. ಹೇಳುವುದು ಇನ್ನೇನಿರುತ್ತದೆ? ಹಾರ ತೆಗೆದು ಬಿಳಿ ಅಂಗಿಯವನ ಕೊರಳಿಗೆ ಹಾಕಿ, ಬಾಗಿ ಕೈಮುಗಿದ. ಅವನು ಡ್ರೈವರು.

ಡ್ರೈವರಿಗೆ ಜನ್ಮದಲ್ಲೇ ಅಂಥ ಹಾರ ಬಿದ್ದಿರಲಿಲ್ಲ. ಏಲಕ್ಕಿಯ ಘಮ ಎಳೆದುಕೊಂಡು, ಹಾರದ ಕುಚ್ಚು ಸರಿಮಾಡಿಕೊಂಡ. ತೆಗೆಯುವ ಲಕ್ಷಣ ಕಾಣಲಿಲ್ಲ. ಸಾವ್ಕಾರರ ಮುಖ ಒಣಗಿಸಿದ ಕಾಯಿಯಂತೆ ಕೆಂಪಾಯಿತು. ಅವರು ಬೈದರು. ದುರುಗೇಶ ನಗುತ್ತ ತಲೆಯಾಡಿಸಿದ. ಇನ್ನಷ್ಟು ಬೈದರು. ಇನ್ನಷ್ಟು ನಕ್ಕ. ಕೊನೆಗೆ ಸಾವ್ಕಾರರು ಹತ್ತಿರ ಬಂದು ಕಿವಿಯೊಳಗಿನ ಹತ್ತಿ ನೋಡಿ, ಎರಡನ್ನೂ ಕಿತ್ತು ಒಗೆದರು.

‘ಏನೋ ಇದು? ಪೇಟಿ ದಿನಾ ಕಿವ್ಯಾಗ ಹತ್ತಿ!’

ಸಣಕಲ ಖರೀದಿದಾರರು ಸಂಭಾವಿತರು. ಹುಡುಗ ಪಾಪ ಬೈಸಿಕೊಳ್ಳುತ್ತಿದ್ದಾನೆಂದು ಮಾತು ತಿರುಗಿಸಿದರು. ‘ಹೋಗಲಿ ಬಿಡಿ ಸಾಹುಕಾರ್ರೇ. ಅಂದಹಾಗೆ ನನ್ನ ಮಗ ಬೆಳಗಿನ ಜಾವವೇ ಆ ಲೋಹಗರುಡ ನೋಡಿ ಫೋನ್ ಮಾಡಿದ್ದ. ಆ ಎಡಗೈ ಇದೆಯಲ್ಲ, ಅದು...’

ದುರುಗೇಶ ಓಡಿದ. ಚೀಲಗಳ ಸಾಲು ಹಾರಿ, ತಕ್ಕಡಿ ದಾಟಿ, ಬಿಸ್ಮಿಲ್ಲಾಬಿಯ ರಾಶಿಯನ್ನು ತುಳಿದು, ‘ಅಯ್ಯಯ್ಯೋ!’ ಎಂದು ತಾನೇ ಕೂಗುತ್ತ ಪೇಟೆಯ ಗೇಟು ದಾಟಿದ. ಮೊಬೈಲು ಚೀಲದ ಕೆಳಗೇ ಉಳಿಯಿತು.

ರಾಣೇಬೆನ್ನೂರಿನ ಬಸ್ಸಿನಲ್ಲೂ ನೆಮ್ಮದಿಯಿಲ್ಲ. ಮುಂದಿನ ಸೀಟಿನ ಇಬ್ಬರು ಕಾಲೇಜು ಹುಡುಗಿಯರು ಮೂರನೆಯ ಭಾಗ ಎರಡನೆಯದಕ್ಕಿಂತ ವಾಸಿಯೋ ಅಲ್ಲವೋ ಎಂದು ಶುರುಮಾಡಿದರು. ‘ಎಡಗೈದು ಗೊತ್ತಾದ ಮ್ಯಾಲೆ...’ ಎಂದು ಒಬ್ಬಳು ಅನ್ನುತ್ತಲೇ ದುರುಗೇಶ ಭಜನೆ ಎತ್ತಿಕೊಂಡ. ಅವನಿಗೆ ಬರುತ್ತಿದ್ದುದು ಎರಡೇ ಸಾಲು. ಮೋಟೆಬೆನ್ನೂರಿನಿಂದ ರಾಣೇಬೆನ್ನೂರಿನವರೆಗೆ ಆ ಎರಡೇ ಸಾಲನ್ನು ಬಸ್ಸಿಗೆಲ್ಲ ಕೇಳುವಂತೆ ಹಾಡಿದ. ಕಂಡಕ್ಟರು ಎರಡು ಸಲ ಬಂದು ನೋಡಿಹೋದ. ಪಕ್ಕದ ಅಜ್ಜಿ ಮಾತ್ರ ತಾಳ ಹಾಕಿದಳು.

ಅಂತೂ ಕಿವಿಯ ಪಾವಿತ್ರ್ಯ ಉಳಿಸಿಕೊಂಡು ಟಾಕೀಸು ಸೇರಿದ. ಬ್ಯಾಡಗಿಯವರ ಸಾಲಿನಲ್ಲಿ ಸರ್ಫರಾಜ, ಖಲಂದರ, ಚಹಾದಂಗಡಿಯ ಅರ್ಧ ಮಂದಿ ಕುಳಿತಿದ್ದರು. ದೀಪ ಆರಿತು. ದುರುಗೇಶನ ಕಣ್ಣಲ್ಲಿ ನೀರೇ ಬಂತು. ಮೂರು ವರ್ಷ ಕಾದದ್ದು ಬಂದಿತ್ತು, ಒಂದು ಅಕ್ಷರವೂ ಕಿವಿಗೆ ಬಿದ್ದಿರಲಿಲ್ಲ. ಅಷ್ಟು ಸುಖವಾಗಿ ಅವನು ಮದುವೆಯ ದಿನವೂ ಕುಳಿತಿರಲಿಲ್ಲ.

ಮಧ್ಯಂತರಕ್ಕೆ ಮುಂಚೆ ಆ ಗಳಿಗೆ ಬಂತು. ಲೋಹಗರುಡ ಒಂದು ಕತ್ತಲೆ ಕೋಣೆಯ ಬಾಗಿಲು ಒಡೆದ. ರೆಕ್ಕೆಗಳು ಅಲ್ಲಿದ್ದವು. ಅವುಗಳ ಮುಂದೆ ಯಾರೋ ಬೆನ್ನು ಮಾಡಿ ನಿಂತಿದ್ದರು. ಕರಿ ಕೈಗವಸು ನಿಧಾನವಾಗಿ ಜಾರಿತು. ಒಳಗೆ ಹಸಿರು ಬಳೆ.

‘ಬಿದ್ದು ಸತ್ರೆ ನಾನು ಯಾರಿಗೆ ಬಡಿಸಲಿ ಮಗನೇ?’ ಎಂದಳು ತಾಯಿ.

ಇಡೀ ಟಾಕೀಸಿನಲ್ಲಿ ಒಬ್ಬನೇ ಒಬ್ಬ ಕುರ್ಚಿಯ ಮೇಲೆ ಹತ್ತಿ ನಿಂತು ಕುಣಿದ. ‘ನಾ ಹೇಳಿದ್ನೆಲ್ಲಲೇ! ಮುಂಜಾನೇನ ಹೇಳಿದ್ದೆ!’

ದೀಪ ಹತ್ತಿತು. ಬ್ಯಾಡಗಿಯ ಸಾಲು ಪೂರ್ತಿ ಅವನ ಕಡೆ ತಿರುಗಿತ್ತು. ಯಾರೂ ನಗುತ್ತಿರಲಿಲ್ಲ.

‘ಹೌದು, ಮುಂಜಾನೇನ ಹೇಳಿದ್ದಿ,’ ಎಂದ ಸರ್ಫರಾಜ ಮೆಲ್ಲಗೆ. ‘ಎಲ್ಲಿಂದ ಬಂದು ಹೇಳಿದ್ದಿ?’

‘ಹಾವೇರಿಯಿಂದ... ಹಾರ ತರಾಕ...’

‘ಹಾವೇರ್ಯಾಗ ನಸುಕಿನ ಆಟ ಇತ್ತು.’

‘ಏ, ನಾ ನೋಡಿಲ್ಲೋ! ಜಗಲಿ ಮ್ಯಾಲೆ ತೂಕಡಸಾಕತ್ತಿದ್ದೆ! ಅದು ಊಹಾ!’

‘ಊಹಾ? ಮಳಿ ಬರ್ತೈತಿ ಅಂತೀ, ಬಿಸಿಲು ಬೀಳತೈತಿ. ಇಲೆಕ್ಷನ್ನಾಗ ನೀ ಗೆಲ್ತಾನ ಅಂದಾವ ಒಬ್ಬನೂ ಗೆದ್ದಿಲ್ಲ. ಇಷ್ಟು ವರ್ಷದಾಗ ಒಂದು ಊಹಾ ಖರೇ ಆಗಲಿಲ್ಲ, ಹಾವೇರಿಯಿಂದ ಬಂದ ದಿನಾನ ಆತೇನು?’

‘ಕತಿ ಕೇಳಬಾರದಂತ ಕಿವ್ಯಾಗ ಹತ್ತಿ ಇಟ್ಗೊಂಡಿದ್ದೆ,’ ಎಂದು ದುರುಗೇಶ ಉರಿಯುವ ಕಿವಿ ತೋರಿಸಿದ.

‘ನೋಡಿ ಬಂದಾವಗ ಹತ್ತಿ ಯಾಕ ಬೇಕಲೇ? ನಾಟಕ ಅದು!’ ಖಲಂದರ ಎದ್ದು ನಿಂತ. ಅವನ ಸಿಟ್ಟು ಎಲ್ಲರಿಗಿಂತ ದೊಡ್ಡದು. ‘ನನ್ನ ಬಾಯಿಲೆ ಇಡೀ ಊರಿಗೆ ಹೇಳಿಸಿದೆಲ್ಲೋ! ನಾಳಿಂದ ಯಾರು ಹತ್ತತಾರ ನನ್ನ ಆಟೋ?’ ಅಷ್ಟರಲ್ಲಿ ಅವನ ಮೊಬೈಲು ರಿಂಗಾಯಿತು; ಎತ್ತಿ ಕೇಳಿದವನು ಅದನ್ನು ದುರುಗೇಶನ ಮುಂದೆ ಚಾಚಿದ. ‘ತಗೊ, ನಿಮ್ಮ ಸಾವ್ಕಾರ್ರು.’

ಫೋನಿನಲ್ಲಿ ಡಾಕಪ್ಪ ಸಾವ್ಕಾರರ ದನಿ ಶಾಂತವಾಗಿತ್ತು. ಅದೇ ಹೆದರಿಕೆ ಹುಟ್ಟಿಸುವಂಥದು. ‘ಎಡಗೈ ಅವ್ವಂದಂತ ನಮ್ಮ ಖರೀದಿದಾರ್ರೂ ಹೇಳಿದ್ರು, ನೀನೂ ಮುಂಜಾನೇನ ಹೇಳಿದ್ದೆಂತ. ಹಾರ ತರಾಕ ಅಷ್ಟೊತ್ತು ಯಾಕಾತು ಅಂತ ಈಗ ತಿಳೀತಪಾ. ಮುಂಜಾನೆ ಒಮ್ಮೆ ನೋಡಿ, ಮಧ್ಯಾಹ್ನ ರಜಾ ತಗೊಂಡು ಮತ್ತೊಮ್ಮೆ ನೋಡಾಕ ಹೋಗಿಯಲ್ಲಾ? ಚಲೋ ಆತು. ಇನ್ನ ನಾಕನೇ ಭಾಗ ಬರೂತನಕ ರಜಾ ಕೇಳಬ್ಯಾಡ.’

ದುರುಗೇಶ ಫೋನು ವಾಪಸ್ಸು ಕೊಟ್ಟ. ಗೆಳೆಯರು ಅವನನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. ಕಾಯ್ದೆ ಓದಿ ಹೇಳಿದರು, ಅಷ್ಟೇ. ಕಾಯ್ದೆ ಅವನದೇ. ಅವನೇ ಎದ್ದು ಹೊರಗೆ ಹೋದ.

ದ್ವಿತೀಯಾರ್ಧ ಮುಗಿಯುವವರೆಗೆ ಟಾಕೀಸಿನ ಗೇಟಿನ ಹೊರಗೆ ಶೇಂಗಾ ಮಾರುವವನ ಪಕ್ಕ ನಿಂತಿದ್ದ. ಒಳಗಿನಿಂದ ಸಿಳ್ಳು, ಚಪ್ಪಾಳೆ, ಒಮ್ಮೆ ಅಳು ಕೇಳಿಸಿತು. ಏನಾಯಿತೆಂದು ಗೊತ್ತಾಗಲಿಲ್ಲ. ‘ನಾಳೆ ಬೇರೆ ಟಿಕೆಟ್ ತೆಗೆಸಿ ಒಬ್ಬನೇ ಬಂದು ನೋಡುತ್ತೇನೆ’ ಎಂದುಕೊಂಡ. ನಾಳೆ ರಜೆಯಿಲ್ಲವೆಂಬುದು ಆಮೇಲೆ ನೆನಪಾಯಿತು. ಭಾನುವಾರ ಇದ್ದೇ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡ.

ವಾಪಸ್ಸು ಬರುವ ಬಸ್ಸಿನಲ್ಲಿ ಅವನಿಗೆ ನಡುವಿನ ಸೀಟು ಸಿಕ್ಕಿತು. ಒಂದು ಕಡೆ ಸರ್ಫರಾಜ, ಇನ್ನೊಂದು ಕಡೆ ಖಲಂದರ.

‘ಏನ ಅನ್ನು, ಒಂದನೇದರ ಮುಂದ ಇದು ಸಪ್ಪಗ,’ ಎಂದ ಸರ್ಫರಾಜ. ‘ಅವ್ವನ್ನ ಅಷ್ಟು ಲಗೂ ಸಾಯಿಸಬಾರದಿತ್ತು.’

‘ಆಕಿ ಸಾಯಲಿಲ್ಲಂದ್ರ ಅಂವಾ ಸಮುದ್ರದಾಗ ಯಾಕ ಜಿಗೀತಿದ್ದ? ಆ ಒಂದು ಜಿಗತಕ್ಕ ಟಿಕೆಟ್ಟಿನ ರೊಕ್ಕ ವಸೂಲು!’

‘ರೆಕ್ಕಿ ಮುರದ ಮ್ಯಾಲೆ ಜಿಗದು ಏನು ಸಾಧಿಸಿದ?’

ಸೇಡಿಗೆ ಹೇಳುತ್ತಿರಲಿಲ್ಲ ಅವರು. ನಡುವೆ ಒಬ್ಬ ಕುಳಿತಿದ್ದಾನೆಂಬುದೇ ಅವರಿಗೆ ಮರೆತುಹೋಗಿತ್ತು. ದುರುಗೇಶನ ಕೈ ತಾನಾಗಿ ಕಿವಿಗೆ ಹೋಯಿತು, ಹತ್ತಿ ಇರಲಿಲ್ಲ. ಮೋಟೆಬೆನ್ನೂರು ಬರುವಷ್ಟರಲ್ಲಿ ಸಿನಿಮಾ ಪೂರ್ತಿ ಮುಗಿದಿತ್ತು. ಕೊನೆಗೆ ಯಾರೋ ಬಂದು ಲೋಹಗರುಡನ ಮನೆಯ ಬಾಗಿಲು ಬಡಿಯುತ್ತಾರಂತೆ, ಪರದೆ ಕಪ್ಪಾಗುತ್ತದಂತೆ.

‘ದುರುಗ್ಯಾ, ಬಾಗಿಲಾ ಬಡದದ್ದು ಯಾರೋ?’ ಎಂದು ಸರ್ಫರಾಜ ತಟ್ಟನೆ ತಿರುಗಿ ಕೇಳಿದ.

ಉತ್ತರ ನಾಲಿಗೆಯ ತುದಿಗೇ ಬಂದಿತ್ತು. ದುರುಗೇಶ ಅದನ್ನು ನುಂಗಿ ಕಿಟಕಿಯಾಚೆ ನೋಡಿದ.

ಇಳಿಹೊತ್ತಿಗೆ ಮೊಬೈಲು ತರಲು ಅಂಗಡಿಗೆ ಹೋದಾಗ ಬಿಸ್ಮಿಲ್ಲಾಬಿ, ಅವನು ತುಳಿದುಹೋದ ರಾಶಿಯನ್ನು ಮತ್ತೆ ಆರಿಸುತ್ತ ಕುಳಿತಿದ್ದಳು. ಸುದ್ದಿ ಅವಳಿಗೂ ಮುಟ್ಟಿತ್ತು. ಅವನ ಕೆಂಪು ಕಿವಿಗಳನ್ನು ನೋಡಿ ಮರುಗಿದಳು.

‘ತಪ್ಪು ನಂದ ಬಿಡು ಮಗಾ. ಹತ್ತಿ ಕೊಟ್ಟೆ ಖರೆ, ಬಾಯಾಗ ಇಟ್ಗೊ ಅಂತ ಹೇಳೂದು ಮರತೆ.’